ಹದಿನಾಲ್ಕನೆಯ ನಂಬರು

ಅವರು ತೀರಿಕೊಂಡ ಸುದ್ದಿ ನನಗೆ ಮೂರು ಕಡೆಯಿಂದ ಬಂತು, ಮೂರೂ ಬೇರೆ ಬೇರೆ. ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಗುರುವಾರ ಬೆಳಿಗ್ಗೆ, ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಎಂದಿತ್ತು. ಹೊಸನಗರದ ನರ್ಸೊಬ್ಬರು ಫೋನು ಮಾಡಿ, ಬುಧವಾರ ಸಂಜೆ, ಹೊಸನಗರದ ಮಗಳ ಮನೆಯಲ್ಲಿ ಎಂದರು. ನಮ್ಮ ಜೀಪು ಓಡಿಸುತ್ತಿದ್ದ ಡ್ರೈವರು, ಶುಕ್ರವಾರ, ಮೇಳಿಗೆಯ ಅವರದೇ ಮನೆಯಲ್ಲಿ, ಕಾಫಿ ಕುಡಿಯುತ್ತ ಕೂತಲ್ಲೇ ಎಂದ. ಈ ಮೂರನ್ನೂ ನಮ್ಮ ಕಂಪ್ಯೂಟರಿಗೆ ಕೊಟ್ಟಿದ್ದರೆ ಅದು ನಕಾಶೆಯ ಮೇಲೆ ಮೂರು ಕೆಂಪು ಚುಕ್ಕೆ ಇಟ್ಟು, ಮೂವರು ಸತ್ತಿದ್ದಾರೆ, ಪಿಡುಗು ಹೊಸನಗರದಿಂದ ಮೇಳಿಗೆಯ ಕಡೆಗೆ ಸಾಗುತ್ತಿದೆ ಎನ್ನುತ್ತಿತ್ತು.

ನಾನು ಅವರಿಂದಲೇ ಕಲಿತದ್ದನ್ನು ಮಾಡಿದೆ. ಮೂವರಿಗೂ ಒಂದೇ ಪ್ರಶ್ನೆ ಕೇಳಿದೆ: ನೀವು ನೋಡಿದ್ರಾ, ಕೇಳಿದ್ರಾ? ನೋಡಿದವನು ಡ್ರೈವರು ಒಬ್ಬನೇ. ಹೊರಲು ಹೆಗಲು ಕೊಟ್ಟಿದ್ದನಂತೆ. ಹಾಗಾಗಿ ಶುಕ್ರವಾರ, ಮೇಳಿಗೆ. ಅಷ್ಟು ಖಚಿತವಾದ ಮೇಲೆ ನನಗೆ ಅಳು ಬಂತು.

ಅವರು ಮಂಗನ ಕಾಯಿಲೆಯ ಕೆಲಸದಲ್ಲೇ ತಲೆ ಹಣ್ಣಾದ ಆರೋಗ್ಯ ಸಿಬ್ಬಂದಿ. ಈ ಕಾಯಿಲೆ ನಮ್ಮ ಮೂರು ತಾಲ್ಲೂಕಿಗೆ ಹೊಸತಲ್ಲ. ಕಾಡಿನ ಉಣ್ಣೆ ಮಂಗನನ್ನು ಕಚ್ಚುತ್ತದೆ, ಮಂಗ ಸಾಯುತ್ತದೆ, ಹೆಣ ತಣ್ಣಗಾದ ಮೇಲೆ ಉಣ್ಣೆಗಳು ಉದುರಿ ಬೇರೆ ಮೈ ಹುಡುಕುತ್ತವೆ. ಬೇಸಿಗೆಯಲ್ಲಿ ಕೊಟ್ಟಿಗೆಗೆ ಹಾಸಲು ದರಗು, ಎಂದರೆ ಒಣಗಿದ ಎಲೆ, ಗುಡಿಸಲು ಹೋದವರನ್ನು ಹಿಡಿಯುತ್ತವೆ. ಆಮೇಲೆ ಜ್ವರ. ತಡವಾದರೆ ಜೀವಕ್ಕೇ ಬರುತ್ತದೆ. ಆದ್ದರಿಂದ ಎಲ್ಲಿ ಮಂಗ ಸತ್ತಿದೆ ಎಂಬುದನ್ನು ಜನಕ್ಕೆ ಜ್ವರ ಬರುವ ಮೊದಲೇ ತಿಳಿಯಬೇಕು. ಇವರ ಕೆಲಸ ಅದು. ಗಿಡ್ಡ ಆಳು. ಪ್ಯಾಂಟನ್ನು ಬಿಳಿ ಕಾಲುಚೀಲದೊಳಗೆ ತುರುಕಿ ಮೇಲೊಂದು ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಉಣ್ಣೆ ಹತ್ತಿದರೆ ಬಿಳಿಯ ಮೇಲೆ ಕಾಣಲಿ ಎಂದು. ಮಗಳ ಮದುವೆಯ ಫೋಟೋದಲ್ಲೂ, ಧಾರೆ ಎರೆಯುವಾಗ ಪಂಚೆಯ ಕೆಳಗೆ ಬಿಳಿ ಕಾಲುಚೀಲವಿದೆ. ಉಣ್ಣೆ ಓಡಿಸುವ ಎಣ್ಣೆಯ ವಾಸನೆ ಅವರಿಗಿಂತ ಹತ್ತು ಹೆಜ್ಜೆ ಮುಂದೆ ಆಫೀಸು ಸೇರುತ್ತಿತ್ತು. ಯಾರಾದರೂ ಮುಖ್ಯವಾದ ಮಾತು ಹೇಳಲು ಬಂದರೆ ಕನ್ನಡಕ ತೆಗೆದು ಜೇಬಿಗೆ ಹಾಕುತ್ತಿದ್ದರು. ಒಮ್ಮೆ ಕಾರಣ ಕೇಳಿದ್ದಕ್ಕೆ, "ಕೇಳೋಕೆ ಕನ್ನಡಕ ಎಂತಕ್ಕೆ?" ಎಂದರು.

ನಾನು ಆನಂದಪುರದಿಂದ ದಿನವೂ ಬಸ್ಸಿನಲ್ಲಿ ಸಾಗರಕ್ಕೆ ಬಂದು ಹೋಗುತ್ತಿದ್ದ ಗುತ್ತಿಗೆ ನೌಕರಳು. ಕಂಪ್ಯೂಟರ್ ಓದಿದ್ದೆ. ಹೊರಗಿನ ಒಂದು ಸಂಸ್ಥೆ ನಡೆಸುತ್ತಿದ್ದ ಯೋಜನೆ ಅದು. ಕಾಡು ಕಾಯುವವರ ವರದಿ, ಪಂಚಾಯಿತಿಗೆ ಬಂದ ಫೋನು, ಜನ ಆ್ಯಪಿಗೆ ಕಳಿಸಿದ ಫೋಟೋ, ಆಸ್ಪತ್ರೆಗಳ ಜ್ವರದ ಪಟ್ಟಿ, ಕಾಡಂಚಿನಲ್ಲಿ ನೆಟ್ಟ ಸೆನ್ಸರುಗಳ ಬಿಸಿಲು-ತೇವದ ಲೆಕ್ಕ, ಉಪಗ್ರಹದ ಚಿತ್ರ, ಇಷ್ಟನ್ನೂ ಬೆರೆಸಿ ಒಂದು ಮಾಡೆಲ್‌ಗೆ ಉಣಿಸುವುದು. ಅದು ಕಲಿತುಕೊಂಡು, ಮುಂದಿನ ಹದಿನೈದು ದಿನ ಎಲ್ಲಿ ಅಪಾಯ ಎಂದು ನಕಾಶೆಗೆ ಕೆಂಪು, ಹಳದಿ, ಹಸಿರು ಬಣ್ಣ ಬಳಿಯುವುದು. ಹೊರಗಿನ ಬೋರ್ಡಿನಲ್ಲಿ 'ದತ್ತಾಂಶ ಸಮ್ಮಿಲನ ಕೇಂದ್ರ' ಎಂದಿತ್ತು. ಯಾರ ನಾಲಿಗೆಯೂ ಹೊರಳದೆ ಎಲ್ಲರೂ ಫ್ಯೂಷನ್ ಆಫೀಸು ಎನ್ನುತ್ತಿದ್ದರು.

ಮೊದಲ ದಿನ ನಾನು ಇದನ್ನೆಲ್ಲ ವಿವರಿಸಿದಾಗ ಅವರು ಕನ್ನಡಕ ಜೇಬಿಗೆ ಹಾಕಿ ಕೇಳಿದರು.

"ಎಲ್ಲಾ ಕಡೆ ಸುದ್ದಿ ಸೇರ್ಸಿ ಒಂದ್ ಸುದ್ದಿ ಮಾಡೋದಾ ಮೇಡಂ?"

"ಹೌದು ಸಾರ್."

"ನಮ್ಮೂರಲ್ಲಿ ಆ ಕೆಲಸ ಹೋಟ್ಲಲ್ಲಿ ಆಗ್ತದೆ. ಆದ್ರೆ ಅಲ್ಲಿ ಯಾರು ಎಷ್ಟು ಸುಳ್ಳು ಹೇಳ್ತಾರೆ ಅಂತ ಎಲ್ರಿಗೂ ಗೊತ್ತಿರ್ತದೆ. ನಿಮ್ಮ ಮಿಷನ್ನಿಗೆ ಗೊತ್ತದ್ಯಾ?"

ಗೊತ್ತಿರಲಿಲ್ಲ. ಎರಡನೆಯ ವಾರದಲ್ಲೇ ತೀರ್ಥಹಳ್ಳಿ ಕಡೆಯಿಂದ ಒಂದೇ ದಿನ ಮೂರು ಮಂಗ ಸತ್ತ ವರದಿ ಬಂತು. ಕಾಡು ಕಾಯುವವರದು ಎಂಟು ಗಂಟೆಗೆ, ಹಲಸಿನ ಮರದ ಕೆಳಗೆ. ಪಂಚಾಯಿತಿಯದು ಒಂಬತ್ತೂವರೆಗೆ, ರಸ್ತೆಯ ಬದಿಯಲ್ಲಿ. ಶಾಲೆಯ ಮೇಷ್ಟ್ರೊಬ್ಬರ ಫೋಟೋ ಮಧ್ಯಾಹ್ನ, ಹಳ್ಳದ ಹತ್ತಿರ. ನಕಾಶೆ ಕೆಂಪಾಯಿತು. ಅವರು ಮೂರೂ ಕಡೆ ಫೋನು ಮಾಡಿ ಕೇಳಿದ್ದು ಇಷ್ಟೇ: "ಬಾಲ ಪೂರ್ತಿ ಇತ್ತಾ?" ಮೂರು ಕಡೆಯಿಂದಲೂ ಅರ್ಧ ಬಾಲ ಎಂದು ಉತ್ತರ ಬಂತು.

"ಒಂದೇ ಮಂಗ ಮೇಡಂ. ನಾಯಿ ಎಳ್ಕಂಡು ಹೋಗ್ಯದೆ."

ಇನ್ನೊಂದು ಸಲ ಹೊಸನಗರದ ಒಂದು ಸೆನ್ಸರು ಹಗಲೂ ರಾತ್ರಿ ಒಂದೇ ಸಮ ಹೆಚ್ಚಿನ ಉಷ್ಣಾಂಶ ತೋರಿಸಲು ಶುರುಮಾಡಿತು. ಮಾಡೆಲ್ ಅಲ್ಲಿ ಕಾಡಿಗೆ ಬೆಂಕಿ ಬಿದ್ದಿರಬಹುದು ಎಂದಿತು. ಇವರು ಹೋಗಿ ನೋಡಿದರೆ ಪೆಟ್ಟಿಗೆಯೊಳಗೆ ಪಕ್ಕದ ಮನೆಯ ಕೋಳಿ ಕಾವಿಗೆ ಕೂತಿತ್ತು. ಎಬ್ಬಿಸಲಿಲ್ಲ. ವರದಿಯ ಷರಾ ಕಾಲಮ್ಮಿನಲ್ಲಿ "ಕೋಳಿ. ಮರಿ ಆಗುವವರೆಗೆ ತಡೆದುಕೊಳ್ಳುವುದು" ಎಂದು ಬರೆದು ಬಂದರು. ಕೋಳಿಗೆ ನಮ್ಮ ವ್ಯವಸ್ಥೆಯಲ್ಲಿ ಸಂಕೇತವಿರಲಿಲ್ಲ. ನಾನು ಒಂದು ಸೇರಿಸಬೇಕಾಯಿತು.

ಒಂದು ಮಂಗ ಮೂರಾಗುವುದನ್ನು ತಡೆಯಲು ನಾನು ಒಂದು ಉಪಾಯ ಮಾಡಿದೆ. ಕ್ಷೇತ್ರಕ್ಕೆ ಹೋಗುವ ಎಲ್ಲರಿಗೂ, ನನಗೂ ಕಚೇರಿಯ ಫೋನು ಕೊಟ್ಟಿದ್ದರು, ಪ್ರತಿಯೊಂದಕ್ಕೂ ನಂಬರು. ಇವರದು ಎಫ್ ಹದಿನಾಲ್ಕು. ಫೋನು ಯಾವ ಹೊತ್ತಿನಲ್ಲಿ ಎಲ್ಲಿತ್ತು ಎಂಬುದನ್ನೂ ಉಳಿದ ಮಾಹಿತಿಯ ಜೊತೆ ಸೇರಿಸಿದರೆ, ಯಾರಾದರೂ ಹೋಗಿ ಖಚಿತಪಡಿಸಿದ ಸಾವು ಯಾವುದು, ಬರೀ ಸುದ್ದಿ ಯಾವುದು ಎಂದು ತಿಳಿಯುತ್ತದೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಸೇರಿಸಿಬಿಟ್ಟೆ.

ಮುಂದಿನ ತಿಂಗಳ ಪರಿಶೀಲನಾ ಸಭೆಯಲ್ಲಿ ಸಂಸ್ಥೆಯ ತಜ್ಞರು ಪರದೆಯ ಮೇಲೆ ಬಂದರು. ಮಾಡೆಲ್ ಏನು ಕಲಿತಿದೆ ಎಂದು ಒಂದು ಪಟ್ಟಿ ತೋರಿಸಿದರು. ಮಂಗನ ಸಾವನ್ನು ಯಾವುದು ಚೆನ್ನಾಗಿ ಮುಂಚೆಯೇ ಸೂಚಿಸುತ್ತದೋ ಅದರ ಗೆರೆ ಉದ್ದ. ತೇವಕ್ಕೆ ಗೇಣುದ್ದ, ಬಿಸಿಲಿಗೆ ಗೇಣುದ್ದ. ಎಲ್ಲಕ್ಕಿಂತ ಮೇಲೆ, ಪರದೆಯ ಈ ತುದಿಯಿಂದ ಆ ತುದಿಗೆ, ಎಫ್ ಹದಿನಾಲ್ಕು.

"ಇದು ಯಾವ ಸೆನ್ಸರ್?" ಎಂದು ನಮ್ಮ ಯೋಜನಾಧಿಕಾರಿ ಕೇಳಿದರು.

"ಅದನ್ನೇ ನಾವೂ ನೋಡ್ತಿದೀವಿ ಸರ್. ಇದು ಚಲಿಸುತ್ತೆ. ಗಂಟೆಗೆ ಸುಮಾರು ಮೂವತ್ತು ಕಿಲೋಮೀಟರ್. ಇದು ಹೋದ ಕಡೆ ಒಂದೆರಡು ಗಂಟೆಯೊಳಗೆ ಮಂಗನ ಸಾವು ದಾಖಲಾಗುತ್ತೆ."

"ಯಾವುದಾದ್ರೂ ಪ್ರಾಣಿಯಾ?"

"ಇರಬಹುದು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಮಾತ್ರ ಅಲ್ಲಾಡೋದಿಲ್ಲ."

ಹಿಂದಿನ ಸಾಲಿನಲ್ಲಿ ಇವರು ಎದ್ದು ನಿಂತರು. "ಅದು ನಾನು ಸಾರ್. ಊಟದ ಹೊತ್ತು."

ಯಾರೂ ನಗಲಿಲ್ಲ. ಅಧಿಕಾರಿಗಳು ಕೆಟ್ಟವರಲ್ಲ. ಆದರೆ ಪರದೆಯ ಮೇಲೆ ಬಂದದ್ದಕ್ಕೆ ಮರ್ಯಾದೆ ಕೊಡುವವರು. ಹದಿನಾಲ್ಕನ್ನು ತೆಗೆದರೆ ಏನಾಗುತ್ತದೆ ಎಂದು ಕೇಳಿದರು. ತಜ್ಞರು ಏನೋ ಒತ್ತಿದರು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕು ಕಣ್ಣೆದುರೇ ಹಸಿರಾದವು. ಅಂಥ ಹಸಿರನ್ನು ಆ ಕೋಣೆಯಲ್ಲಿ ಯಾರೂ ನೋಡಿರಲಿಲ್ಲ.

ಸಂಜೆಯೊಳಗೆ ಆದೇಶ ಟೈಪಾಯಿತು. ಸದರಿ ನೌಕರರು ಮುಂದಿನ ಆದೇಶದವರೆಗೆ ಕಚೇರಿ ಬಿಟ್ಟು ಚಲಿಸತಕ್ಕದ್ದಲ್ಲ.

ನನಗೆ ಸಭೆಯಲ್ಲಿದ್ದಾಗಲೇ ಎಲ್ಲ ಗೊತ್ತಿತ್ತು. ಇವರು ಹೋದದ್ದರಿಂದ ಮಂಗ ಸಾಯುತ್ತಿರಲಿಲ್ಲ, ಮಂಗ ಸಾಯುವ ಕಡೆಗೆ ಇವರು ಹೋಗುತ್ತಿದ್ದರು. ಹೋಗಿ ಬರೆದುಕೊಂಡ ಮೇಲಷ್ಟೇ ಸಾವು ಕಂಪ್ಯೂಟರಿಗೆ ಸೇರುತ್ತಿತ್ತು. ಯಂತ್ರ ಹಿಂದುಮುಂದಾಗಿ ಕಲಿತಿತ್ತು, ಕಲಿಸಿದವಳು ನಾನು. ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಏಪ್ರಿಲ್‌ಗೆ ನನ್ನ ಗುತ್ತಿಗೆ ಮುಂದುವರಿಸುವ ಕಡತ ಅಧಿಕಾರಿಗಳ ಮೇಜಿನ ಮೇಲಿತ್ತು. ನಾನು ಬಿಸ್ಕತ್ತಿನ ತಟ್ಟೆಯನ್ನೇ ನೋಡುತ್ತ ಕೂತೆ.

ಅವರು ಆದೇಶವನ್ನು ಎರಡು ಸಲ ಓದಿದರು. "ಇದು ಹೆಂಗೆ ಅಂದ್ರೆ ಮೇಡಂ, ಪೊಲೀಸ್ ಜೀಪು ಬಂದಲ್ಲೆಲ್ಲಾ ಕಳ್ಳತನ ಆಗಿರ್ತದೆ, ಅದಕ್ಕೆ ಜೀಪೇ ಕದ್ದಿದ್ದು ಅಂದಂಗೆ," ಎಂದು ಮಡಚಿ ಕನ್ನಡಕದ ಜೊತೆ ಜೇಬಿಗಿಟ್ಟರು. ಮರುದಿನದಿಂದ ಕಡತದ ಬೀರುವಿನ ಪಕ್ಕ ಒಂದು ಸ್ಟೂಲಿನ ಮೇಲೆ ಕೂರತೊಡಗಿದರು. ರಬ್ಬರ್ ಬ್ಯಾಂಡು ಮಾತ್ರ ತೆಗೆಯಲಿಲ್ಲ.

ನಕಾಶೆ ಹಸಿರಾಗಿಯೇ ಉಳಿಯಿತು. ಉಳಿದ ಕ್ಷೇತ್ರ ಸಿಬ್ಬಂದಿಗೂ ವಿಷಯ ಮುಟ್ಟಿತ್ತು. ಸತ್ತ ಮಂಗನ ಹತ್ತಿರ ಹೋದರೆ ತಮಗೂ ಆದೇಶ ಬಂದೀತೆಂದು ಅವರೂ ದೂರದಿಂದಲೇ ದಾರಿ ಬದಲಿಸಿದರು. ವರದಿ ನಿಂತಿತು. ಅಧಿಕಾರಿಗಳು ಹಸಿರು ನಕಾಶೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು.

ಆಮೇಲೆ ಜನ ಬರತೊಡಗಿದರು. ಸಭೆಯ ಮಾತು ಹೇಗೋ ಹೊರಗೆ ಹೋಗಿ, ಸಾಗರದ ಆಫೀಸಿನಲ್ಲಿ ಒಬ್ಬರಿದ್ದಾರೆ, ಅವರು ಕಾಲಿಟ್ಟಲ್ಲಿ ಮಂಗ ಸಾಯುತ್ತದೆ, ಕಂಪ್ಯೂಟರೇ ಹೇಳಿದೆ ಎಂದಾಗಿತ್ತು. ಮಂಗಗಳ ಕಾಟದಿಂದ ಬಾಳೆ, ಏಲಕ್ಕಿ ಏನೂ ಉಳಿಯದೆ ಕಂಗಾಲಾದವರಿಗೆ ಅಷ್ಟೇ ಸಾಕಾಯಿತು. ತೀರ್ಥಹಳ್ಳಿಯ ಗೌಡರೊಬ್ಬರು ಕಾರು ತಂದು ಬಾಗಿಲಲ್ಲೇ ನಿಲ್ಲಿಸಿದರು.

"ನೀವೇನೂ ಮಾಡೋದು ಬ್ಯಾಡ ಸಾರ್. ತೋಟದಲ್ಲಿ ಹಿಂಗೆ ಒಂದ್ ಸುತ್ತು ಹಾಕಿ. ಊಟ ಮಾಡ್ಕಂಡು ಬನ್ನಿ."

"ನಾನು ಹಂಗೆಲ್ಲ ಹೋಗೋ ಹಂಗಿಲ್ಲ ಗೌಡ್ರೆ, ಆದೇಶ ಅದೆ," ಎಂದು ಇವರು ತೋರಿಸುತ್ತಿದ್ದರು. ಆದೇಶ ನೋಡಿದ ಮೇಲೆ ಜನಕ್ಕೆ ನಂಬಿಕೆ ಇನ್ನಷ್ಟು ಹೆಚ್ಚುತ್ತಿತ್ತು. ಸರ್ಕಾರವೇ ಕಟ್ಟಿ ಕೂರಿಸಿದೆ ಎಂದಮೇಲೆ ನಿಜವೇ ಇರಬೇಕು. ಬಂದ ಪ್ರತಿಯೊಬ್ಬರನ್ನೂ ಅವರು ಕಳಿಸುವ ಮೊದಲು ಕೇಳುತ್ತಿದ್ದದ್ದು ಒಂದೇ: ನಿಮ್ಮ ಕಡೆ ಯಾರಿಗಾದ್ರೂ ಜ್ವರ ಅದ್ಯಾ?

ಒಂದು ಬೆಳಿಗ್ಗೆ ನಿಟ್ಟೂರಿನಿಂದ ಆಚೆಯ ಹಳ್ಳಿಯ ರೈತನೊಬ್ಬ ಬಂದ. ಕಾರಿಲ್ಲ, ಬಸ್ಸಿಳಿದು ನಡೆದು ಬಂದವನು. ಬಾಗಿಲಲ್ಲೇ ನಿಂತು ಕೈ ಮುಗಿದ.

"ಸಾರ್, ನೀವು ನಮ್ಮ ಕಡೆ ಮಾತ್ರ ಬರ್ಬೇಡಿ. ಅಷ್ಟು ಹೇಳಿ ಹೋಗಾಣ ಅಂತ ಬಂದೆ."

"ಎಂತಕ್ಕೆ ಮಾರಾಯ್ರೆ?"

"ನೀವು ಬರದೇನೇ ಐದಾರು ಸತ್ತಾವೆ. ವಾಸ್ನೆ ತಡ್ಯಕ್ಕಾಗಲ್ಲ. ಇನ್ನು ನೀವು ಬಂದ್ರೆ ಎಷ್ಟು ಸಾಯ್ತಾವೋ ಏನೋ."

ಅವರ ಕನ್ನಡಕ ಜೇಬಿಗೆ ಹೋಯಿತು.

"ಎಷ್ಟು ದಿನ ಆತು?"

"ಹತ್ತು ದಿನ ಆಗಿರ್ಬೌದು."

"ಯಾರಿಗಾದ್ರೂ ಜ್ವರ?"

"ಜ್ವರ ಎಂತ ಇಲ್ಲ. ನಮ್ಮ ಅತ್ತಿಗೆಗೆ ಮಾತ್ರ ನಾಲ್ಕು ದಿನದಿಂದ ಸ್ವಲ್ಪ ಬೆಚ್ಚಗೆ. ಕಣ್ಣು ಕೆಂಪಾಗ್ಯದೆ. ದರಗು ತರಕ್ಕೆ ಹೋಗಿದ್ರು, ಧೂಳು ಬಿದ್ದಿರ್ಬೇಕು."

ಅವರು ಸೀದಾ ಅಧಿಕಾರಿಗಳ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಅಧಿಕಾರಿಗಳು ನಕಾಶೆ ತೆರೆದು ನೋಡಿದರು. ಆ ಹಳ್ಳಿ ಹಸಿರಾಗಿತ್ತು. "ಸಿಸ್ಟಮ್‌ನಲ್ಲಿ ಏನೂ ಇಲ್ಲವಲ್ಲ. ಸೋಮವಾರ ಯಾರನ್ನಾದರೂ ಕಳಿಸೋಣ. ನೀವು ಹೋಗುವಂತಿಲ್ಲ, ಗೊತ್ತಲ್ಲ," ಎಂದರು. ಅಂದು ಗುರುವಾರ.

ಹೊರಗೆ ಬಂದು ಅವರು ಕಚೇರಿಯ ಫೋನನ್ನು ಜೇಬಿನಿಂದ ತೆಗೆದರು. ಸ್ಟೂಲಿನ ಮೇಲೆ ಮೆಲ್ಲಗೆ ಇಟ್ಟರು.

"ಹದಿನಾಲ್ಕು ಇಲ್ಲೇ ಇರ್ತದೆ ಮೇಡಂ. ನಾನು ಹೋಗಿಬರ್ತೀನಿ."

ಎಣ್ಣೆಯ ಬಾಟಲಿಗಳ ಚೀಲ ಹೆಗಲಿಗೆ ಹಾಕಿಕೊಂಡು, ಆ ರೈತನನ್ನು ಮುಂದೆ ಬಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಕಂಪ್ಯೂಟರಿನ ಮುಂದೆ ಒಂದೈದು ನಿಮಿಷ ಕೂತಿದ್ದೆ. ಪರದೆಯ ಮೇಲೆ ಎಫ್ ಹದಿನಾಲ್ಕು ಸಾಗರದಲ್ಲಿ ಅಲ್ಲಾಡದೆ ನಿಂತಿತ್ತು. ಎದ್ದು ಓಡಿದೆ. ಬಸ್ಸು ಹೊರಡುವಾಗ ಹಿಂದಿನ ಬಾಗಿಲಿನಿಂದ ಹತ್ತಿದೆ. ಅವರು ಒಮ್ಮೆ ನೋಡಿ, ಚೀಲ ಸರಿಸಿ ಜಾಗ ಮಾಡಿಕೊಟ್ಟರು. ದಾರಿಯುದ್ದಕ್ಕೂ ಮಾತಾಡಿದ್ದು ಆ ರೈತನ ಜೊತೆ, ದನಗಳ ವಿಷಯ.

ಹೊಸನಗರದಲ್ಲಿ ಬಸ್ಸು ಬದಲಿಸಿ, ನಿಟ್ಟೂರು ದಾಟಿ ಇಳಿದು, ಆಮೇಲೆ ನಡಿಗೆ. ಮನೆಗಳು ಕಾಣುವ ಮೊದಲೇ ವಾಸನೆ ಬಂತು. ಅವರು ಕಾಲಿಗೆ ಹಚ್ಚಿಕೊಳ್ಳಲು ನನಗೆ ಎಣ್ಣೆ ಕೊಟ್ಟು, ದರಗಿನ ಮೇಲೆ ಕೂರಬೇಡಿ ಎಂದು ಹೇಳಿ ಒಬ್ಬರೇ ಮರಗಳ ಕೆಳಗೆ ಹೋದರು. ಬೆರಳ ಗೆಣ್ಣು ಮಡಚುತ್ತ ಬಂದರು. ಏಳು. ಅಲ್ಲಿಂದ ಮನೆ ಮನೆಗೆ ಹೋಗಿ ಎಣ್ಣೆ ಕೊಟ್ಟು, ಹಣೆ ಮುಟ್ಟಿ ನೋಡಿ, ಕೊನೆಗೆ ಆ ಅತ್ತಿಗೆಯ ಮನೆಗೆ ಬಂದೆವು.

ಆಕೆ ಜಗಲಿಯಲ್ಲಿ ಮಲಗಿದ್ದರು, ಹಣೆಯ ಮೇಲೆ ಒದ್ದೆ ಬಟ್ಟೆ. ಕಣ್ಣು ಕೆಂಡದ ಹಾಗಿತ್ತು. ಆದರೆ ಆಸ್ಪತ್ರೆ ಎಂದ ಕೂಡಲೇ ಗೋಡೆಯ ಕಡೆ ತಿರುಗಿದರು.

"ಜ್ವರಕ್ಕೆಲ್ಲ ಆಸ್ಪತ್ರೆಗೆ ಹೋದ್ರೆ ದನ ಯಾರು ನೋಡ್ತಾರೆ? ಕಷಾಯ ಕುಡ್ದೀನಿ. ಹೋತದೆ."

ನಾನು ನನಗೆ ತಿಳಿದಂತೆ ರಕ್ತದ ಪರೀಕ್ಷೆಯ ವಿಷಯ, ಅಪಾಯದ ವಿಷಯ ಎಲ್ಲ ಹೇಳಿದೆ. ಮೈದುನ ಹೇಳಿದ. ಪಕ್ಕದ ಮನೆಯವರು ಹೇಳಿದರು, ಜೀಪು ಕೂಡ ತಂದು ನಿಲ್ಲಿಸಿದರು. ಆಕೆ ಅಲ್ಲಾಡಲಿಲ್ಲ. ಕೊನೆಗೆ ಗೋಡೆಯ ಕಡೆಯಿಂದಲೇ ಕೇಳಿದರು.

"ಮಂಗ ಸಾಯೋದು ಇವ್ರು ಬಂದಲ್ಲೇನಾ?"

ಅವರು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಿದ್ದರು. ಅಲ್ಲಿಂದಲೇ ಹೇಳಿದರು.

"ಹೌದಮ್ಮ. ನಾನೇ."

"ಮತ್ತೆ ಇಲ್ಲಿಗೆ ಎಂತಕ್ಕೆ ಬಂದ್ರಿ?"

"ಬಂದಾತು. ಈಗ ನಾನು ಇಲ್ಲಿ ಕೂತಷ್ಟು ಹೊತ್ತೂ ಸಾಯ್ತಾವೆ. ಮಂಗ ಮುಗಿದ್ರೆ ದನ. ನಾನಂತೂ ನಿಮ್ಮನ್ನ ಬಿಟ್ಟು ಹೋಗಲ್ಲ. ನೀವು ಜೀಪು ಹತ್ತಿದ್ರೆ ನಾನೂ ಹತ್ತೀನಿ."

ದನ ಎಂದದ್ದಕ್ಕೆ ಆಕೆ ಎದ್ದು ಕೂತರು. ಸೀರೆ ಸರಿಮಾಡಿಕೊಂಡರು. ಇವರನ್ನು ಕೊಟ್ಟಿಗೆಯ ಕಡೆಯಿಂದ ಕರೆದುಕೊಂಡು ಹೋಗಬೇಡಿ, ಅಂಗಳದ ಆ ಕಡೆಯಿಂದ ಕರೆತನ್ನಿ ಎಂದು ಮೈದುನನಿಗೆ ಹೇಳಿ, ತಾವೇ ಮೊದಲು ಜೀಪು ಹತ್ತಿದರು. ಹೊಸನಗರದ ಆಸ್ಪತ್ರೆ ಮುಟ್ಟುವಾಗ ಆಕೆಗೆ ಕೂರಲೂ ಆಗುತ್ತಿರಲಿಲ್ಲ. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ರಕ್ತದ ವರದಿಯಲ್ಲಿ ಮಂಗನ ಕಾಯಿಲೆಯೇ ಎಂದು ಬಂತು. ಆಕೆ ಬದುಕಿದರು.

ಮರುದಿನ ನಾನು ಏಳು ಮಂಗಗಳನ್ನು ಅವರ ಹೆಸರಿನಲ್ಲಿ ದಾಖಲಿಸಲು ಹೋದೆ. ವ್ಯವಸ್ಥೆ ಒಪ್ಪಲಿಲ್ಲ. ಎಫ್ ಹದಿನಾಲ್ಕು ಆ ಸಮಯದಲ್ಲಿ ಸಾಗರದಲ್ಲಿತ್ತು, ದಾಖಲೆ ಅಮಾನ್ಯ ಎಂದಿತು. ಎರಡು ಸಲ ಮಾಡಿದೆ. ಎರಡು ಸಲವೂ ಅಷ್ಟೇ. ಕೊನೆಗೆ ನನ್ನ ಜೊತೆ ಬಂದಿದ್ದ ನನ್ನ ಕಚೇರಿ ಫೋನಿನ ನಂಬರಿನಲ್ಲಿ ಹಾಕಿದೆ. ನಿಟ್ಟೂರಿನ ಆಚೆಗೆ ಒಂದು ಕೆಂಪು ಚುಕ್ಕೆ ಮೂಡಿತು. ಮುಂದಿನ ತಿಂಗಳ ಸಭೆಯ ಪಟ್ಟಿಯಲ್ಲಿ ನನ್ನ ಹೆಸರಿಗೂ ಒಂದು ಪುಟ್ಟ ಗೆರೆ ಬಂದಿತ್ತು. ಅವರು ಅದನ್ನು ನೋಡಿ ನನಗಷ್ಟೇ ಕೇಳುವಂತೆ, "ನೀವೂ ಬಂದ್ರಾ ಮೇಡಂ?" ಎಂದರು.

ಆ ಸಭೆಯಲ್ಲಿ ನಾನು ಎದ್ದು ಮಾತಾಡಿದೆ. ಫೋನಿನ ಜಾಗದ ಮಾಹಿತಿಯನ್ನು ಸೇರಿಸಲಾಗಿತ್ತು, ಅದರಿಂದ ಮಾಡೆಲ್ ತಪ್ಪು ತಿಳಿಯಿತು ಎಂದು ವಿವರಿಸಿದೆ. ಸೇರಿಸಲಾಗಿತ್ತು ಎಂದೆ. ಯಾರು ಸೇರಿಸಿದರು ಎಂದು ಯಾರೂ ಕೇಳಲಿಲ್ಲ. ಆಫೀಸಿನ ಭಾಷೆಯಲ್ಲಿ ಕೆಲಸಗಳು ತಾವಾಗಿಯೇ ಆಗುತ್ತವೆ.

ಹಾಗಾದರೆ ಅದನ್ನು ತೆಗೆದುಹಾಕೋಣ ಎಂದರು ತಜ್ಞರು. ಹಿಂದಿನ ಸಾಲಿನಿಂದ ಇವರು ಎದ್ದರು.

"ತೆಗೀಬೇಡಿ ಸಾರ್. ನನ್ನದೊಂದು ಪ್ರಶ್ನೆ. ಈ ಹಸಿರು ಅಂದ್ರೆ ಎಂತ? ಅಲ್ಲಿ ಮಂಗ ಸತ್ತಿಲ್ಲ ಅಂತಲಾ, ನಾವು ಹೋಗಿ ನೋಡಿಲ್ಲ ಅಂತಲಾ?"

ಪರದೆ ಕೆಟ್ಟಿತೇನೋ ಎಂದು ನಾವು ತಂತಿ ಅಲ್ಲಾಡಿಸಿ ನೋಡಿದೆವು. ಆಮೇಲೆ ತಜ್ಞರು, "ಎರಡಕ್ಕೂ ಒಂದೇ ಬಣ್ಣ ಕೊಟ್ಟಿದ್ದೀವಿ. ಅದು ನಮ್ಮ ತಪ್ಪು," ಎಂದರು. ಅಂದಿನಿಂದ ಯಾರೂ ಕಾಲಿಡದ ಜಾಗಕ್ಕೆ ಬೂದಿ ಬಣ್ಣ ಬಂತು. ಫೋನುಗಳು ಎಲ್ಲೆಲ್ಲಿ ಹೋಗಿವೆ ಎಂಬ ಲೆಕ್ಕ ಅದಕ್ಕೇ ಬಳಕೆಯಾಯಿತು. ಮೂರು ತಾಲ್ಲೂಕಿನ ಅರ್ಧಕ್ಕರ್ಧ ಬೂದಿಯಾದದ್ದನ್ನು ನೋಡಿ ಅಧಿಕಾರಿಗಳ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಆದರೆ ಬೆಳಿಗ್ಗೆ ಜೀಪು ಎಲ್ಲಿಗೆ ಹೋಗಬೇಕು ಎಂಬುದು ಮೊದಲ ಸಲ ಎಲ್ಲರಿಗೂ ಗೊತ್ತಾಯಿತು. ಇವರ ಮೇಲಿನ ಆದೇಶವನ್ನು ರದ್ದು ಮಾಡಲಿಲ್ಲ. ರದ್ದು ಮಾಡಿದರೆ ಹೊರಡಿಸಿದ್ದು ತಪ್ಪೆಂದಾಗುತ್ತದೆ. 'ಸಡಿಲಿಸಲಾಗಿದೆ' ಎಂದು ಇನ್ನೊಂದು ಹಾಳೆ ಬಂತು. ಆ ಸಡಿಲಿಕೆಯಲ್ಲೇ ಅವರು ಎರಡು ವರ್ಷ ಕೆಲಸ ಮಾಡಿ ನಿವೃತ್ತರಾದರು. ಏಪ್ರಿಲ್‌ನಲ್ಲಿ ನನ್ನ ಗುತ್ತಿಗೆಯೂ ಮುಂದುವರಿದಿತ್ತು.

ಕಳೆದ ಬೇಸಿಗೆಯಲ್ಲಿ ಮೇಳಿಗೆಗೆ ಹೋಗಿ ಅವರನ್ನು ನೋಡಿ ಬಂದೆ. ಅದೇ ಕೊನೆ. ಅಂಗಳದಲ್ಲಿ ಒಂದು ಹಸುವನ್ನು ಕಟ್ಟಿಕೊಂಡು ಅದರ ಕಿವಿಯೊಳಗಿನ ಉಣ್ಣೆ ಕೀಳುತ್ತಿದ್ದರು. ಕೂರಲು ಹೇಳಿದರೂ ನಾನು ಕೂರಲಿಲ್ಲ. ಹೇಳಬೇಕಾದ್ದನ್ನು ನಿಂತೇ ಹೇಳಿಬಿಟ್ಟೆ.

"ಸಾರ್, ಫೋನಿನ ಜಾಗ ಸೇರಿಸಿದ್ದು ನಾನು. ಸಭೆಯಲ್ಲಿ ಗೊತ್ತಿದ್ದೂ ಸುಮ್ಮನಿದ್ದೆ."

"ಗೊತ್ತಿತ್ತು," ಎಂದರು, ತಲೆ ಎತ್ತದೆ.

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅದು ನಾನು ಸಾರ್ ಅಂತ ನಾನು ಎದ್ದಾಗ ಎಲ್ರೂ ತಿರುಗಿ ನೋಡಿದ್ರು. ನೀವೊಬ್ರು ನೋಡ್ಲಿಲ್ಲ."

"ಮತ್ತೆ ಯಾಕೆ ಕೇಳ್ಲಿಲ್ಲ ನನ್ನ?"

ಅವರು ಕಿತ್ತ ಉಣ್ಣೆಯನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಿ, ಹಸುವಿನ ಮುಖವನ್ನು ಆ ಕಡೆಗೆ ತಿರುಗಿಸಿದರು.

"ಕೇಳಾಣ ಅಂತಲೇ ಇದ್ದೆ. ಅಷ್ಟರಲ್ಲಿ ನೀವು ಓಡಿ ಬಂದು ಬಸ್ಸು ಹತ್ತಿದ್ರಿ." ಇನ್ನೊಂದು ಕಿವಿ ತೋರಿಸಿದರು. "ಇದನ್ನ ಸ್ವಲ್ಪ ಹಿಡ್ಕಳಿ. ಇವ್ಳು ಒಬ್ರ ಕೈಯಲ್ಲಿ ಸುಮ್ನೆ ನಿಲ್ಲಲ್ಲ."

ಹಿಡಿದುಕೊಂಡೆ.